ಎರಡು ಶರ್ಟ್ ವಾಪಸ್, ನೂರು ರೂಪಾಯಿ ಪ್ಲಸ್

ಹೋದ ವರ್ಷದ ಮಾತು. ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡೋದು ನಮ್ಮ ಟೀಮಿನ ಕೆಲಸ. ಹೊಸದಾಗಿ ಸೇರಿದ್ದ ಟೆಸ್ಟರ್ ಹುಡುಗಿಯೊಬ್ಬಳು ಒಂದು ಬಗ್ ಹಾಕಿದಳು. ಗಿರಾಕಿ ಎರಡು ಶರ್ಟ್ ವಾಪಸ್ ತಂದಿದ್ದಾನೆ. ವಾಪಸ್ ಬಂದ ಮಾಲನ್ನು ನಮ್ಮ ಸಿಸ್ಟಂ ಮೈನಸ್ ಎರಡು ಅಂತ ಬರೆದುಕೊಳ್ಳುತ್ತದೆ. ಒಂದು ಶರ್ಟಿನ ಬೆಲೆ 900, ಅದರ ಮೇಲೆ ಡಿಸ್ಕೌಂಟ್ 50. ಡಿಸ್ಕೌಂಟ್ ಅಂದರೆ ಕಳೆಯುವ ದುಡ್ಡು, ಹಾಗಾಗಿ ಅದು −50 ಅಂತ ಬೇರೆ ಸಾಲಿನಲ್ಲಿ ಕೂರುತ್ತದೆ. ಈಗ ರಿಫಂಡ್ ಬಿಲ್ಲಿನ ಮೊದಲ ಸಾಲು −1800. ಎರಡನೇ ಸಾಲು +100. ದುಡ್ಡು ವಾಪಸ್ ಕೊಡುವ ಬಿಲ್ಲಿನಲ್ಲಿ ಪ್ಲಸ್ ಎಲ್ಲಿಂದ ಬಂತು, ಇದು ತಪ್ಪು ಅಂತ ಅವಳ ತಕರಾರು.

ಬೆಳಗಿನ ಕಾಲ್‌ನಲ್ಲಿ ಅದನ್ನು ಓದಿದ ಸೀನಿಯರ್ ಒಬ್ಬರು, "ಮೈನಸ್ ಇಂಟು ಮೈನಸ್ ಪ್ಲಸ್ ಕಣಮ್ಮಾ, ಏಳನೇ ಕ್ಲಾಸಲ್ಲಿ ಹೇಳ್ಕೊಟ್ಟಿರ್ಲಿಲ್ವಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹುಡುಗಿ ಮ್ಯೂಟ್ ತೆಗೆದು ಮೆಲ್ಲಗೆ, "ರೂಲ್ ನಂಗೂ ಗೊತ್ತು ಸರ್. ಯಾಕೆ ಪ್ಲಸ್ ಅಂತ ಹೇಳಿ, ಬಗ್ ಕ್ಲೋಸ್ ಮಾಡ್ತೀನಿ" ಅಂದಳು.

ಹತ್ತು ಹನ್ನೆರಡು ಜನ ಎಂಜಿನಿಯರುಗಳಿದ್ದ ಕಾಲ್ ಅದು. ಯಾರೂ ಮಾತಾಡಲಿಲ್ಲ. ಯಾರದೋ ಕೀಬೋರ್ಡ್ ಟಕಟಕ ಅಂದಿದ್ದು ಮಾತ್ರ ಕೇಳಿಸಿತು, ಪಾಪ, ಹುಡುಕುತ್ತಿದ್ದರೇನೋ. ಕೊನೆಗೆ ಸೀನಿಯರ್, "ಅದು ಹಂಗೇ, ರೂಲ್ ಅಂದ್ರೆ ರೂಲ್" ಅಂತ ಮುಂದಿನ ಬಗ್‌ಗೆ ಹೋದರು. ನನಗೆ ಮಾತ್ರ ಕೂತಲ್ಲೇ ಒಂದು ಥರಾ ಆಯಿತು. ಏಳನೇ ಕ್ಲಾಸಿನಲ್ಲಿ ನಾನು ಇದೇ ಪ್ರಶ್ನೆ ಕೇಳಿ ಇದೇ ಉತ್ತರ ಪಡೆದವನು. ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕು ಸಾಲಿನ ಕೋಷ್ಟಕ ಬರೆದು, ಚೌಕ ಹಾಕಿ, ಬಾಯಿಪಾಠ ಮಾಡಿ ಅಂದಿದ್ದರು. ಮಾಡಿದೆ. ಪಾಸಾದೆ. ಎಂಜಿನಿಯರೂ ಆದೆ. ಯಾಕೆ ಅನ್ನೋದು ಎಲ್ಲೋ ಬಿದ್ದುಹೋಗಿತ್ತು.

ಆ ವಾರಾಂತ್ಯ ಓದುತ್ತಾ ಕೂತೆ. ಗೊತ್ತಾಗಿದ್ದು ಏನಂದರೆ, ಆ ಹುಡುಗಿ ಕೇಳಿದ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗಲು ಮನುಷ್ಯರಿಗೆ ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ. ಉತ್ತರ ಸಿಗುವವರೆಗೂ ನಿಯಮ ಮಾತ್ರ ಚೆನ್ನಾಗಿ ಕೆಲಸ ಮಾಡಿಕೊಂಡೇ ಇತ್ತು.

ನಮ್ಮ ಪಠ್ಯಪುಸ್ತಕದ ‘ಧನ’, ‘ಋಣ’ ಪದಗಳಿಂದಲೇ ಶುರು ಮಾಡೋಣ. ಇವು ಯಾರೋ ಸಮಿತಿಯವರು ಇಂಗ್ಲಿಷಿನಿಂದ ಅನುವಾದಿಸಿದ ಪದಗಳಲ್ಲ. ಕ್ರಿ.ಶ. 628ರಲ್ಲಿ, ಇವತ್ತಿನ ರಾಜಸ್ಥಾನದ ಭೀನ್‌ಮಾಲ್‌ನಲ್ಲಿ, ಬ್ರಹ್ಮಗುಪ್ತ ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಬಳಸಿದ ಪದಗಳೇ ಇವು. ಆಗ ಅವನಿಗೆ ಮೂವತ್ತು ವರ್ಷ. ಧನ ಅಂದರೆ ಆಸ್ತಿ, ಋಣ ಅಂದರೆ ಸಾಲ. ಅನ್ನದ ಋಣ, ಋಣಾನುಬಂಧ ಅಂತೆಲ್ಲ ದಿನಾ ಮಾತಾಡುವ ನಮಗೆ ಋಣ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಗ್ರಂಥದ ಹದಿನೆಂಟನೇ ಅಧ್ಯಾಯದಲ್ಲಿ ನಿಯಮಗಳಿವೆ. ಋಣವನ್ನು ಋಣದಿಂದ ಗುಣಿಸಿದರೆ ಧನ, ಋಣವನ್ನು ಧನದಿಂದ ಗುಣಿಸಿದರೆ ಋಣ. ಭಾಗಾಕಾರಕ್ಕೂ ಹಾಗೇ: ಋಣವನ್ನು ಋಣದಿಂದ ಭಾಗಿಸಿದರೆ ಧನ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂತಲೂ ಬರೆದುಬಿಟ್ಟಿದ್ದಾನೆ. ಇವತ್ತು ಅದನ್ನು ಒಪ್ಪುವುದಿಲ್ಲ, ಆದರೆ ಸೊನ್ನೆಯನ್ನೂ ಸಂಖ್ಯೆಗಳ ಸಾಲಿನಲ್ಲಿ ಕೂರಿಸಿ ಲೆಕ್ಕಕ್ಕೆ ಇಳಿಸಿದವನ ಧೈರ್ಯ ನೋಡಿ. ಒಂದೇ ಕೊರತೆ. ಪದ್ಯದಲ್ಲಿ ನಿಯಮ ಇದೆ, ಕಾರಣ ಇಲ್ಲ. ಅವನ ಕಾಲದಲ್ಲಿ ಗ್ರಂಥ ಬರೆಯುತ್ತಿದ್ದ ರೀತಿಯೇ ಹಾಗೆ. ಸೂತ್ರ ಪದ್ಯದಲ್ಲಿ, ವಿವರಣೆ ಗುರುವಿನ ಬಾಯಲ್ಲಿ.

ಸಾಲದ ಕಥೆಯಿಂದ ಕೂಡಿಸುವುದು, ಕಳೆಯುವುದು ಚೆನ್ನಾಗಿ ಅರ್ಥವಾಗುತ್ತದೆ. ಐನೂರು ಸಾಲ ಇದೆ, ಮುನ್ನೂರು ಕೈಗೆ ಬಂತು, ಇನ್ನು ಇನ್ನೂರು ಬಾಕಿ. ತರಕಾರಿ ಮಾರುವ ಅಜ್ಜಿಗೂ ಗೊತ್ತು. ಚೀನಾದವರಿಗೆ ಇದು ಬ್ರಹ್ಮಗುಪ್ತನಿಗಿಂತ ಮುಂಚೆಯೇ ಗೊತ್ತಿತ್ತು. ಕ್ರಿ.ಶ. 263ರಲ್ಲಿ ಲಿಯು ಹುಯಿ ಅನ್ನುವವನು, ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಇಟ್ಟು ಲೆಕ್ಕ ಮಾಡುವುದನ್ನು ವಿವರಿಸಿದ್ದಾನೆ. (ಇವತ್ತಿನ ಲೆಕ್ಕಪತ್ರದಲ್ಲಿ ನಷ್ಟ ಕೆಂಪಾಗಿದೆ. ಬಣ್ಣ ಯಾವಾಗ ಅದಲುಬದಲಾಯಿತೋ.) ಆದರೆ ಆ ಹಳೆಯ ಚೀನೀ ಗ್ರಂಥದಲ್ಲಿ ಇರೋದು ಕೂಡುವ, ಕಳೆಯುವ ನಿಯಮ ಮಾತ್ರ. ಗುಣಾಕಾರದ ಚಿಹ್ನೆಗಳ ನಿಯಮ ಅಲ್ಲಿನ ಪುಸ್ತಕದಲ್ಲಿ ಬರುವುದು 1299ರಲ್ಲಿ, ಝು ಶಿಜಿಯೆಯ ಹೊತ್ತಿಗೆ. ಸಾಲವನ್ನು ಸಾಲದಿಂದ ಗುಣಿಸುವುದು ಅಂದರೆ ಏನು? ಅಂಗಡಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲವಲ್ಲ.

ಬೆಂಗಳೂರಿನಲ್ಲಿ ಇರುವವರು ನೃಪತುಂಗ ರಸ್ತೆಯ ಸಿಗ್ನಲ್‌ನಲ್ಲಿ ಒಮ್ಮೆಯಾದರೂ ನಿಂತಿರುತ್ತೀರಿ. ರಿಸರ್ವ್ ಬ್ಯಾಂಕಿನ ಕಚೇರಿ ಇರುವ ರಸ್ತೆ. ಆ ನೃಪತುಂಗ, ಅಂದರೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟರ ಅಮೋಘವರ್ಷನನ್ನು ಹೊಗಳಿ ಶುರುವಾಗುವ ಗಣಿತದ ಪುಸ್ತಕವೊಂದಿದೆ: ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಸುಮಾರು 850ರದ್ದು. ‘ಕವಿರಾಜಮಾರ್ಗ’ದ ಬಗ್ಗೆ ನಾವು ಮಾತಾಡುವಷ್ಟರಲ್ಲಿ ಕಾಲು ಭಾಗವೂ ಇದರ ಬಗ್ಗೆ ಮಾತಾಡುವುದಿಲ್ಲ, ಅದು ನನ್ನ ಹೊಟ್ಟೆಯುರಿ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷಿಗೆ ಅನುವಾದಿಸಿ ಮದ್ರಾಸಿನಲ್ಲಿ ಪ್ರಕಟಿಸಿದರು.

ಮಹಾವೀರ ಅದೇ ಚಿಹ್ನೆಗಳ ನಿಯಮ ಹೇಳಿ, ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಧನವನ್ನು ವರ್ಗ ಮಾಡಿದರೂ ಧನ, ಋಣವನ್ನು ವರ್ಗ ಮಾಡಿದರೂ ಧನ. ಹಾಗಾದರೆ ಯಾವ ಸಂಖ್ಯೆಯನ್ನು ವರ್ಗ ಮಾಡಿದರೂ ಋಣ ಬರುವುದಿಲ್ಲ. ಆದ್ದರಿಂದ ಋಣ ಸಂಖ್ಯೆಗೆ ವರ್ಗಮೂಲವೇ ಇಲ್ಲ. ಗಮನಿಸಿ, ನಿಯಮವನ್ನು ಬಾಯಿಪಾಠ ಮಾಡಿ ಸುಮ್ಮನಾದವನ ಮಾತಲ್ಲ ಇದು. ಇದು ಹೀಗಿದ್ದರೆ ಮತ್ತೇನು ಆಗುತ್ತದೆ ಅಂತ ಯೋಚಿಸಿದವನ ಮಾತು.

ಇನ್ನು ಭಾಸ್ಕರಾಚಾರ್ಯ. ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ತನ್ನ ಊರು ಅಂತ ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಅಂತ ನಾವು, ಅಲ್ಲ ನಮ್ಮಲ್ಲಿಯದು ಅಂತ ಮಹಾರಾಷ್ಟ್ರದವರು. ಆ ಜಗಳ ಬಿಡಿ. ಅವನ ‘ಬೀಜಗಣಿತ’ದಲ್ಲಿ ಒಂದು ಕೋತಿ ಲೆಕ್ಕ ಇದೆ, ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತಿ ಚಂದದ ಘಟನೆ ಅದೇ.

ಒಂದು ಕೋತಿ ಹಿಂಡು. ಹಿಂಡಿನ ಐದನೇ ಒಂದು ಭಾಗ ತಗೊಂಡು, ಅದರಿಂದ ಮೂರು ಕಳೆದು, ಬಂದದ್ದನ್ನು ವರ್ಗ ಮಾಡಿ. ಅಷ್ಟು ಕೋತಿಗಳು ಗುಹೆಯೊಳಗೆ ಹೋದವು. ಒಂದು ಮಾತ್ರ ಹೊರಗೆ ಕಾಣುತ್ತಿದೆ. ಹಿಂಡಿನಲ್ಲಿ ಒಟ್ಟು ಎಷ್ಟು?

ಬಿಡಿಸಿದರೆ ಎರಡು ಉತ್ತರ ಬರುತ್ತವೆ: 50 ಮತ್ತು 5. ಐವತ್ತನ್ನು ಹಾಕಿ ನೋಡಿ. ಐದನೇ ಒಂದು ಭಾಗ ಹತ್ತು, ಮೂರು ಕಳೆದರೆ ಏಳು, ವರ್ಗ 49, ಹೊರಗಿನದು ಸೇರಿ 50. ಸರಿಹೋಯಿತು. ಈಗ ಐದನ್ನು ಹಾಕಿ. ಐದನೇ ಒಂದು ಭಾಗ ಒಂದು. ಮೂರು ಕಳೆದರೆ −2. ಅದರ ವರ್ಗ, ಅಂದರೆ ಮೈನಸ್ ಇಂಟು ಮೈನಸ್, 4. ಹೊರಗಿನದು ಸೇರಿ 5. ಇದೂ ಸರಿಹೋಯಿತು! ಗುಹೆಯಲ್ಲಿ ನಾಲ್ಕು ಕೋತಿ, ಹೊರಗೊಂದು. ಎಲ್ಲೂ ಮೈನಸ್ ಕೋತಿ ಇಲ್ಲ. ಮಧ್ಯದಲ್ಲಿ ಒಂದು −2 ಬಂದು ಹೋಗಿದೆ ಅಷ್ಟೇ.

ಆದರೂ ಭಾಸ್ಕರ ಐದನ್ನು ತೆಗೆದುಹಾಕುತ್ತಾನೆ. ಲೆಕ್ಕ ತಪ್ಪು ಅಂತಲ್ಲ. ಕೋತಿಗಳ ಒಂದು ಪಾಲು ಋಣವಾಗಿ ಬಂದರೆ ಅದನ್ನು ಜನ ಒಪ್ಪುವುದಿಲ್ಲ ಅಂತ. ಇಲ್ಲಿ ಅವನು ಗಣಿತದ ಕಾರಣ ಕೊಡಲಿಲ್ಲ, ಜನರ ಕಾರಣ ಕೊಟ್ಟ. ಅದೇ ಭಾಸ್ಕರ ‘ಲೀಲಾವತಿ’ಯಲ್ಲಿ 10, 17, 9 ಉದ್ದದ ಬಾಹುಗಳ ತ್ರಿಭುಜ ತಗೊಂಡು, ತಳದ ಒಂದು ತುಂಡು −6 ಅಂತ ಬಂದಾಗ ತಲೆ ಕೆಡಿಸಿಕೊಳ್ಳುವುದಿಲ್ಲ. ಋಣ ಅಂದರೆ ಎದುರು ದಿಕ್ಕಿಗೆ ಅಂತ ಅರ್ಥ ಮಾಡಿ ಮುಂದೆ ಹೋಗುತ್ತಾನೆ. ಗೆರೆ ಎಳೆದು ತೋರಿಸಬಹುದಾದ ಕಡೆ ಮೈನಸ್ ಸಲೀಸು, ತಲೆ ಎಣಿಸುವ ಕಡೆ ಕಷ್ಟ. ಇಂಥ ಗಣಿತಜ್ಞನಿಗೇ ಓದುಗರು ನಂಬುವುದಿಲ್ಲ ಅನ್ನಿಸಿತ್ತು ಅಂದಮೇಲೆ ನಮ್ಮ ಟೆಸ್ಟರ್ ನಂಬದೆ ಇದ್ದದ್ದು ಯಾವ ಮಹಾ ಅಪರಾಧ?

ಪಶ್ಚಿಮದ ಕಡೆ ಈ ನಿಯಮ ಬೇರೆ ಬಾಗಿಲಿನಿಂದ ಬಂತು. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ, ಹತ್ತರಲ್ಲಿ ಒಂದು ಕಡಿಮೆಯನ್ನು ಹತ್ತರಲ್ಲಿ ಒಂದು ಕಡಿಮೆಯಿಂದ ಗುಣಿಸಿ ತೋರಿಸಿದ. ನೂರು, ಅದರಿಂದ ಒಂದು ಹತ್ತು ಹೋಯಿತು, ಇನ್ನೊಂದು ಹತ್ತು ಹೋಯಿತು, ಉಳಿದದ್ದು 80. ಆದರೆ ಒಂಬತ್ತೊಂಬತ್ತಲಿ 81 ಅಂತ ಮಗ್ಗಿ ಹೇಳುತ್ತದೆ. ಅಂದರೆ ಆ ಎರಡು ‘ಕಡಿಮೆ ಒಂದು’ಗಳ ಗುಣಲಬ್ಧ ಒಂದನ್ನು ಕೂಡಿಸಲೇಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ, ಏಕೆಂದರೆ ಇಲ್ಲಿ −1 ಒಂಟಿಯಾಗಿ ನಿಂತಿಲ್ಲ, ಹತ್ತರ ಹೆಗಲ ಮೇಲೆ ಕೂತಿದೆ. ಅದನ್ನು ಕೆಳಗಿಳಿಸಿ, ಇದೂ ಒಂದು ಸಂಖ್ಯೆ ಅಂದಾಗಲೇ ಯುರೋಪಿನವರಿಗೆ ಕಷ್ಟ ಶುರುವಾಗಿದ್ದು.

ಇಟಲಿಯ ಕಾರ್ಡಾನೋ 1545ರಲ್ಲಿ ಇದೇ ನಿಯಮ ಬಳಸಿ ‘ಆರ್ಸ್ ಮಾಗ್ನಾ’ ಬರೆದ. ಇಪ್ಪತ್ತೈದು ವರ್ಷ ಆದ ಮೇಲೆ ಇನ್ನೊಂದು ಪುಸ್ತಕದಲ್ಲಿ, ಇಲ್ಲ, ಮೈನಸ್ ಇಂಟು ಮೈನಸ್ ಮೈನಸ್ಸೇ ಅಂತ ವಾದ ಮಾಡಿದ. ಫ್ರಾನ್ಸಿನ ಆಂತ್ವಾನ್ ಅರ್ನೋ ಭಾಗಾಕಾರದ ಕಡೆಯಿಂದ ಹಿಡಿದ. ಒಂದನ್ನು −1ರಿಂದ ಭಾಗಿಸಿದರೆ −1. ಸರಿ, −1ನ್ನು ಒಂದರಿಂದ ಭಾಗಿಸಿದರೂ −1. ಅಂದರೆ ದೊಡ್ಡದಕ್ಕೂ ಚಿಕ್ಕದಕ್ಕೂ ಯಾವ ಅನುಪಾತವೋ, ಚಿಕ್ಕದಕ್ಕೂ ದೊಡ್ಡದಕ್ಕೂ ಅದೇ ಅನುಪಾತ. ಒಂದೂವರೆ ಅಡಿಯ ಮಗು ಅಪ್ಪನಿಗಿಂತ ನಾಲ್ಕು ಪಟ್ಟು ಚಿಕ್ಕದು, ಅಪ್ಪ ಮಗುವಿಗಿಂತ ನಾಲ್ಕು ಪಟ್ಟು ಚಿಕ್ಕವನು ಅಂದ ಹಾಗಾಯಿತಲ್ಲ! ಲೈಬ್ನಿಜ್ ಅಂಥವನೇ 1712ರಲ್ಲಿ ಈ ಆಕ್ಷೇಪಣೆಯಲ್ಲಿ ಹುರುಳಿದೆ ಅಂತ ಒಪ್ಪಿದ. ಆದರೂ ಲೆಕ್ಕ ಮಾಡಲು ಅಡ್ಡಿಯಿಲ್ಲ, ಉತ್ತರ ಸರಿ ಬರುತ್ತದಲ್ಲ ಅಂತ ಸಮಾಧಾನ ಹೇಳಿದ. ಪ್ರೊಡಕ್ಷನ್‌ನಲ್ಲಿ ಓಡ್ತಾ ಇದೆ, ಮುಟ್ಟಬೇಡಿ ಅನ್ನುವ ಧಾಟಿ.

ಇಂಗ್ಲೆಂಡಿನಲ್ಲಿ ಜಗಳ ಇನ್ನೂ ಬಿಸಿಯಾಯಿತು. ವಕೀಲ ಫ್ರಾನ್ಸಿಸ್ ಮಸೇರ್ಸ್ 1758ರಲ್ಲಿ ಒಂದು ಪುಸ್ತಕವನ್ನೇ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಲು ಬಿಟ್ಟು ಬೇರೆ ಯಾವುದಕ್ಕೂ ಮೈನಸ್ ಬೇಡ ಅಂದ. ಕೇಂಬ್ರಿಡ್ಜಿನಲ್ಲಿ ಓದಿದ್ದ ವಿಲಿಯಂ ಫ್ರೆಂಡ್ 1796ರಲ್ಲಿ ಋಣ ಸಂಖ್ಯೆಯೇ ಇಲ್ಲದ ಬೀಜಗಣಿತ ಬರೆದ. ಹೆಸರು ಫ್ರೆಂಡ್ ಆದರೂ ಋಣ ಸಂಖ್ಯೆಗಳ ಹಳೇ ವೈರಿ. ಮುಂದೆ ಅವನ ಅಳಿಯನಾದವನು ಆಗಸ್ಟಸ್ ಡಿ ಮಾರ್ಗನ್, ನಮ್ಮ ಮಧುರೈನಲ್ಲಿ 1806ರಲ್ಲಿ ಹುಟ್ಟಿದವನು. ಲಾಜಿಕ್ ಓದಿದವರಿಗೆಲ್ಲ ಡಿ ಮಾರ್ಗನ್ ನಿಯಮ ಗೊತ್ತು, ನಾವು ದಿನಾ ಕೋಡ್‌ನಲ್ಲಿ ಬಳಸುತ್ತೇವೆ. ಅಂಥವನು 1831ರಲ್ಲಿ ಕೊಟ್ಟ ಉದಾಹರಣೆ ನೋಡಿ. ಅಪ್ಪನಿಗೆ 56, ಮಗನಿಗೆ 29. ಅಪ್ಪನ ವಯಸ್ಸು ಮಗನ ಎರಡರಷ್ಟು ಆಗುವುದು ಯಾವಾಗ? ಲೆಕ್ಕ ಮಾಡಿದರೆ −2 ವರ್ಷ ಅಂತ ಬರುತ್ತದೆ. ಇದು ಅಸಂಬದ್ಧ ಅಂದ ಅವನು. ಪ್ರಶ್ನೆಯನ್ನೇ ತಿದ್ದಬೇಕು, ‘ಎಷ್ಟು ವರ್ಷದ ಹಿಂದೆ’ ಅಂತ ಕೇಳಬೇಕು ಅಂದ. ಎರಡು ವರ್ಷದ ಹಿಂದೆ ಅವರಿಗೆ 54 ಮತ್ತು 27.

ಇವರೆಲ್ಲ ಪಂಡಿತರು. ನನಗೆ ಆಪ್ತನೆನಿಸಿದವನು ಮಾತ್ರ ಗ್ರೆನೋಬ್ಲ್ ಊರಿನ ಒಬ್ಬ ಶಾಲಾ ಹುಡುಗ, ಆನ್ರಿ ಬೇಲ್. ಮುಂದೆ ಸ್ಟೆಂಡಾಲ್ ಅನ್ನುವ ಹೆಸರಿನಲ್ಲಿ ಕಾದಂಬರಿ ಬರೆದವನು. ಅವನಿಗೆ ಗಣಿತ ಅಂದರೆ ಪ್ರಾಣ, ಏಕೆಂದರೆ ಅಲ್ಲಿ ಬೂಟಾಟಿಕೆ ಇರಲು ಸಾಧ್ಯವಿಲ್ಲ ಅಂತ ನಂಬಿದ್ದ. ಮೈನಸ್ ಇಂಟು ಮೈನಸ್ ಬಂದ ದಿನ ಆ ನಂಬಿಕೆಗೆ ಪೆಟ್ಟು ಬಿತ್ತು. ಯಾಕೆ ಅಂತ ಕೇಳಿದರೆ ಹೇಳುವವರಿಲ್ಲ. ಶಬೇರ್ ಅನ್ನುವ ಮೇಷ್ಟ್ರು ಮುಜುಗರಪಟ್ಟು, ಯಾವ ಪಾಠದ ಬಗ್ಗೆ ಅನುಮಾನವೋ ಅದೇ ಪಾಠವನ್ನು ಮತ್ತೆ ಒಪ್ಪಿಸಿದರು. ಕೊನೆಗೆ ಸಿಕ್ಕ ಉತ್ತರ: ಇದು ರೂಢಿ, ಆಯ್ಲರ್ ಒಪ್ಪಿದ್ದಾನೆ, ಲಗ್ರಾಂಜ್ ಒಪ್ಪಿದ್ದಾನೆ, ನೀನೇನು ದೊಡ್ಡ ಮನುಷ್ಯ. ಐವತ್ತು ದಾಟಿದ ಮೇಲೆ ಆತ್ಮಕಥೆ ಬರೆಯಲು ಕೂತಾಗಲೂ ಆ ನೋವು ಆರಿರಲಿಲ್ಲ. ಹತ್ತು ಸಾವಿರ ಫ್ರಾಂಕ್ ಸಾಲವನ್ನು ಐನೂರು ಫ್ರಾಂಕ್ ಸಾಲದಿಂದ ಗುಣಿಸಿದರೆ ಮನುಷ್ಯ ಐವತ್ತು ಲಕ್ಷದ ಆಸಾಮಿ ಆಗುತ್ತಾನಾ ಅಂತ ಅಲ್ಲಿ ಕೇಳುತ್ತಾನೆ.

ಈ ಪ್ರಶ್ನೆಯಲ್ಲಿ ಒಂದು ಎಡವಟ್ಟಿದೆ, ಅದನ್ನು ಹುಡುಗನಿಗೆ ಯಾರೂ ತೋರಿಸಲಿಲ್ಲ. ದುಡ್ಡನ್ನು ದುಡ್ಡಿನಿಂದ ಗುಣಿಸುವುದಕ್ಕೆ ಅರ್ಥವೇ ಇಲ್ಲ, ಸಾಲ ಇರಲಿ ಆಸ್ತಿ ಇರಲಿ. ಐನೂರು ರೂಪಾಯಿಯನ್ನು ಹತ್ತು ರೂಪಾಯಿಯಿಂದ ಗುಣಿಸಿ ಅಂದರೆ ಏನು ಮಾಡುತ್ತೀರಿ? ಒಂದು ದುಡ್ಡಾದರೆ ಇನ್ನೊಂದು ಎಷ್ಟು ಸಲ ಅನ್ನುವ ಎಣಿಕೆ ಆಗಿರಬೇಕು. ಮೈನಸ್ ಸಲ ಅಂದರೆ ಅಷ್ಟು ಸಲ ಕಿತ್ತುಕೊಳ್ಳುವುದು. ಸಾಲವನ್ನು ಕಿತ್ತುಕೊಂಡರೆ, ಅಂದರೆ ಮನ್ನಾ ಮಾಡಿದರೆ, ಆಸಾಮಿಗೆ ಅಷ್ಟು ಲಾಭ.

ಇನ್ನು ಉತ್ತರದ ವಿಷಯ. ಆಯ್ಲರ್ 1770ರ ತನ್ನ ಬೀಜಗಣಿತದಲ್ಲಿ ಹೀಗೆ ಹೇಳಿದ್ದಾನೆ: ಎರಡು ಮೈನಸ್‌ಗಳ ಗುಣಲಬ್ಧ ಪ್ಲಸ್ ಇರಬೇಕು ಇಲ್ಲವೇ ಮೈನಸ್ ಇರಬೇಕು, ಪ್ಲಸ್ ಇಂಟು ಮೈನಸ್ ಆಗಲೇ ಮೈನಸ್ ಆಗಿದೆ, ಹಾಗಾಗಿ ಇದು ಅದರ ವಿರುದ್ಧ, ಪ್ಲಸ್. ಆಯ್ಲರ್ ಬಗ್ಗೆ ಎಷ್ಟೇ ಗೌರವ ಇದ್ದರೂ ಇದು ಕೈ ತಪ್ಪಿಸಿಕೊಳ್ಳುವ ಮಾತು ಅಂತ ನನಗನ್ನಿಸುತ್ತದೆ. ಸರಿಯಾದ ಮಾತನ್ನು ಸ್ಪಷ್ಟವಾಗಿ ಹೇಳಿದವನು ಜರ್ಮನಿಯ ಹರ್ಮನ್ ಹ್ಯಾಂಕೆಲ್, 1867ರಲ್ಲಿ, ಇಪ್ಪತ್ತೆಂಟನೇ ವಯಸ್ಸಿನಲ್ಲಿ. ಋಣ ಸಂಖ್ಯೆಗಳು ಪ್ರಪಂಚದಲ್ಲಿ ಎಲ್ಲಿವೆ ಅಂತ ಹುಡುಕುವುದು ಬೇಡ ಅಂದ ಅವನು. ಮಾಮೂಲಿ ಸಂಖ್ಯೆಗಳಿಗೆ ಇರುವ ನಿಯಮಗಳು, ಅದರಲ್ಲೂ ಒಟ್ಟಿಗೆ ಗುಣಿಸಿದರೂ ಬಿಡಿಬಿಡಿಯಾಗಿ ಗುಣಿಸಿ ಕೂಡಿಸಿದರೂ ಒಂದೇ ಉತ್ತರ ಬರಬೇಕು ಅನ್ನುವ ವಿತರಣಾ ನಿಯಮ, ಈ ಹೊಸ ಸಂಖ್ಯೆಗಳಿಗೂ ಇರಲಿ ಅಂತ ನೀವು ಒಪ್ಪಿದರೆ ಸಾಕು. ಆಮೇಲೆ ಮೈನಸ್ ಇಂಟು ಮೈನಸ್ ಏನಾಗಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಒಂದೇ ಉತ್ತರ ಸಾಧ್ಯ.

ಇದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ಬಿಲ್ಲು. ಗಿರಾಕಿ ಶರ್ಟಿಗೆ 900 ಕೊಟ್ಟಿಲ್ಲ, 50 ಬಿಟ್ಟು 850 ಕೊಟ್ಟಿದ್ದಾನೆ. ಎರಡಕ್ಕೆ 1700. ವಾಪಸ್ ತಂದಾಗ ಅಂಗಡಿಯವನು ಕೊಡಬೇಕಾದ್ದೂ 1700, ಅಂದರೆ ಬಿಲ್ಲಿನ ಮೊತ್ತ −1700. ಬೆಲೆಯ ಸಾಲಿನಲ್ಲಿ ಆಗಲೇ −1800 ಇದೆ. ಡಿಸ್ಕೌಂಟಿನ ಸಾಲಿನಲ್ಲಿ +100 ಇದ್ದರೆ ಲೆಕ್ಕ ಕೂರುತ್ತದೆ. ಅದು −100 ಆಗಿದ್ದರೆ? ಮೊತ್ತ −1900. 1700 ಕೊಟ್ಟು ಶರ್ಟ್ ತಗೊಂಡು, ಮರುದಿನ ವಾಪಸ್ ಕೊಟ್ಟು 1900 ಎಣಿಸಿಕೊಂಡು ಹೋಗಬಹುದು. ವಾರಕ್ಕೆರಡು ಸಲ ಹೀಗೆ ಮಾಡಿದರೆ ಕೆಲಸಕ್ಕೇ ಹೋಗಬೇಕಿಲ್ಲ. ಭಾಗಾಕಾರದ್ದೂ ಇದೇ ಕಥೆ, ಹಿಂದಿನಿಂದ ಓದಿದರೆ ಆಯಿತು: −1800 ರೂಪಾಯಿಯನ್ನು −2 ಶರ್ಟಿಗೆ ಹಂಚಿದರೆ ಒಂದು ಶರ್ಟಿನ ಬೆಲೆ 900 ಬರಲೇಬೇಕು. ವಾಪಸ್ ಮಾಡಿದ ಮಾತ್ರಕ್ಕೆ ಶರ್ಟಿನ ಬೆಲೆ ಮೈನಸ್ ಆಗುವುದಿಲ್ಲವಲ್ಲ.

ಸೋಮವಾರ ಆ ಹುಡುಗಿಯ ಡೆಸ್ಕಿನ ಹತ್ತಿರ ಹೋಗಿ, ಮೊದಲು ನಕ್ಕಿದ್ದಕ್ಕೆ ಸಾರಿ ಕೇಳಿ, ಒಂದು ಹಾಳೆಯ ಮೇಲೆ ಇದನ್ನೆಲ್ಲ ಬರೆದು ತೋರಿಸಿದೆ. ಕೋತಿ ಲೆಕ್ಕವನ್ನೂ ಹೇಳಿದೆ, ತಡೆಯಲಾಗಲಿಲ್ಲ. ಅವಳು ಹಾಳೆ ನೋಡಿದಳು. "ಅಂದ್ರೆ ಈ ನೂರು, ನಾವು ಕೊಟ್ಟಿದ್ದ ಡಿಸ್ಕೌಂಟನ್ನ ವಾಪಸ್ ತಗೊಂಡಿದ್ದು."

"ಹೌದು."

"ಮತ್ತೆ ಬಿಲ್ಲಲ್ಲಿ ಆ ಸಾಲಿನ ಮುಂದೆ ಬರೀ ಡಿಸ್ಕೌಂಟ್ ಅಂತಿದೆಯಲ್ಲ ಸರ್? ಡಿಸ್ಕೌಂಟ್ ಪ್ಲಸ್ ನೂರು ಅಂತ ಓದಿದ ಗಿರಾಕಿ ಇನ್ನೂ ನೂರು ಕೊಡಿ ಅಂತ ಕೌಂಟರ್‌ನಲ್ಲಿ ಜಗಳ ಮಾಡಲ್ವಾ?"

ಬಗ್ ಕ್ಲೋಸ್ ಆಗಲಿಲ್ಲ. ಅವಳು ಅದರ ತಲೆಬರಹ ಬದಲಿಸಿ ಮತ್ತೆ ನಮ್ಮ ಕಡೆಗೇ ತಳ್ಳಿದಳು. ಎರಡು ವಾರ ಆದ ಮೇಲೆ ಹೋದ ರಿಲೀಸಿನಲ್ಲಿ ಆ ಸಾಲು ‘ಡಿಸ್ಕೌಂಟ್ ರದ್ದು: 100’ ಅಂತ ಪ್ರಿಂಟ್ ಆಗುತ್ತಿದೆ.